ಮತದಾರರ ಪಟ್ಟಿಯನ್ನು ಓಣಿಯಲ್ಲಿ ಓದಿ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವನು. ಮನೆಯಲ್ಲಿ ಒಂದು ಕುಣಿ ಮಗ್ಗ ಇದೆ, ಅವ್ವ ಈಗಲೂ ಖಣ ನೇಯುತ್ತಾಳೆ. ಮಗ್ಗದಿಂದ ಎಲ್ಲರ ಹೊಟ್ಟೆ ತುಂಬುವುದಿಲ್ಲ, ಅದಕ್ಕೇ ಅಣ್ಣ ಮತ್ತು ವೈನಿ ವರ್ಷದಲ್ಲಿ ಏಳೆಂಟು ತಿಂಗಳು ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಈ ಪತ್ರ ವೈನಿಯ ವೋಟಿನ ಬಗ್ಗೆ.

2024ರ ಮೇ 7ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ ಇತ್ತು. ಇಬ್ಬರೂ ಎರಡು ದಿನದ ಕೂಲಿ ಬಿಟ್ಟು, ರಾತ್ರಿ ಬಸ್ಸಿಗೆ ನಿಂತುಕೊಂಡೇ ಬಂದಿದ್ದರು. ಅಂಥ ಬಿಸಿಲಲ್ಲಿ ಒಂದು ತಾಸು ಸಾಲಿನಲ್ಲಿ ನಿಂತು ಒಳಗೆ ಹೋದರೆ ಅಣ್ಣನ ಹೆಸರಿದೆ, ವೈನಿಯ ಹೆಸರಿಲ್ಲ. ಊರು ಬಿಟ್ಟು ಹೋಗಿದ್ದಾರೆ ಅಂತ ತೆಗೆದಿದ್ದಾರಂತೆ. ಗಂಡ ಹೆಂಡತಿ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬಂದವರು, ಅವನು ಊರಲ್ಲಿದ್ದಾನೆ, ಇವಳು ಮಾತ್ರ ಇಲ್ಲ ಅಂದರೆ ಹೇಗೆ? ವೈನಿ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಮತ್ತೆ ಮತ್ತೆ ತೋರಿಸಿದಳು. "ಕಾರ್ಡ್ ಐತಲ್ರೀ ಸರ, ಫೋಟೋನೂ ನಂದ ಐತಿ" ಅಂದಳು. ಕಾರ್ಡ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. ಅಲ್ಲಿ ಕುಳಿತ ಸಿಬ್ಬಂದಿಯದು ತಪ್ಪಲ್ಲ, ಅವರ ಕೈಯಲ್ಲಿ ಇದ್ದದ್ದೇ ಆ ಪಟ್ಟಿ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತವಳು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನಾನು ಕಾನೂನು ಏನು ಹೇಳುತ್ತೆ ಅಂತ ಓದಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ತಾತ್ಕಾಲಿಕವಾಗಿ ಊರಿಂದ ಹೊರಗಿದ್ದ ಮಾತ್ರಕ್ಕೆ ಒಬ್ಬರು ಆ ಊರಿನ ನಿವಾಸಿ ಅಲ್ಲ ಅಂತ ಆಗುವುದಿಲ್ಲ. 22ನೇ ಕಲಮು ಇನ್ನೂ ಮುಂದೆ ಹೋಗುತ್ತೆ, ಊರು ಬಿಟ್ಟಿದ್ದಾರೆ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು. ನಮ್ಮ ಮನೆಗೆ ಒಂದು ಚೀಟಿಯೂ ಬಂದಿರಲಿಲ್ಲ. ಗೋವಾ, ಮಂಗಳೂರು, ಪುಣೆ, ಬೆಂಗಳೂರು ಅಂತ ದುಡಿಯಲು ಹೋಗುವವರು ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಓಣಿ ಓಣಿಗೂ ಇದ್ದಾರೆ. ಕಬ್ಬು ಕಡಿಯಲು ಗುಂಪು ಕಟ್ಟಿಕೊಂಡು ಹೋಗುವವರು ಬೇರೆ. ಪಟ್ಟಿ ನೋಡಲು ಬಂದವರು ಬಾಗಿಲಿಗೆ ಬೀಗ ಕಂಡರೆ ಒಳಗಿನವರ ವೋಟೂ ಹೋಯಿತು ಅನ್ನುವ ಹಾಗಾಗಬಾರದು ಅಲ್ವಾ?

ಒಂದೊಂದು ವೋಟಿನಿಂದ ಏನಾಗುತ್ತೆ ಅನ್ನುವವರಿಗೆ ನಮ್ಮ ಬಾದಾಮಿ ಕ್ಷೇತ್ರದ 2018ರ ಫಲಿತಾಂಶ ನೆನಪಿಸುತ್ತೇನೆ. ಇಡೀ ರಾಜ್ಯ ಕಣ್ಣಿಟ್ಟಿದ್ದ ಆ ಸ್ಪರ್ಧೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 1,696 ಮತಗಳಿಂದ. ಯಾರು ಗೆದ್ದರು, ಯಾರು ಸೋತರು ಅನ್ನುವುದು ನನಗೆ ಇಲ್ಲಿ ಮುಖ್ಯವಲ್ಲ. ಅಷ್ಟು ವೋಟು ನಮ್ಮ ನಾಲ್ಕಾರು ಓಣಿಗಳಲ್ಲೇ ಸಿಗುತ್ತವೆ.

ವೈನಿಯ ಹೆಸರನ್ನು ನಮೂನೆ 6 ತುಂಬಿ ಮತ್ತೆ ಸೇರಿಸಿದೆವು. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಸ್ತ್ರೀಶಕ್ತಿ ಸಂಘದ ಇಬ್ಬರು ಅಕ್ಕಂದಿರು, ರಿಟೈರ್ ಆದ ಒಬ್ಬ ಮಾಸ್ತರು, ಡಿಗ್ರಿ ಓದುವ ಇಬ್ಬರು ಹುಡುಗಿಯರು, ನಾನು, ಹೀಗೆ ಆರು ಜನ ಸೇರಿದೆವು. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಿಂದ ನಮ್ಮ ಭಾಗದ, ಅಂದರೆ ನಮ್ಮ ಮತಗಟ್ಟೆಯ, ಪಟ್ಟಿ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಒಂದು ಭಾನುವಾರ ಸಂಜೆ, ಮಗ್ಗಗಳ ಸಪ್ಪಳ ನಿಂತ ಮೇಲೆ, ಗುಡಿ ಕಟ್ಟೆಯ ಮೇಲೆ ಕೂತು ಆ ಹುಡುಗಿಯರು ಒಂದೊಂದೇ ಹೆಸರು ಜೋರಾಗಿ ಓದತೊಡಗಿದರು.

ಮೊದಲು ಹತ್ತು ಜನ ಇದ್ದರು. ಹೆಸರು ಕೇಳಿಸುತ್ತಿದ್ದ ಹಾಗೆ ಬಾಗಿಲಲ್ಲಿ ನಿಂತಿದ್ದವರೂ ಬಂದರು. "ಅಂವ ತೀರಿಕೊಂಡು ನಾಕ್ ವರ್ಷ ಆತು, ಹೆಸರ ಇನ್ನೂ ಐತೇನು?" ಅಂತ ಒಬ್ಬರು. "ನಮ್ಮ ಸೊಸಿ ಹೆಸರ ಓದಲೇ ಇಲ್ಲಲ್ಲವ್ವ" ಅಂತ ಇನ್ನೊಬ್ಬರು. ಮದುವೆಯಾಗಿ ಬಂದ ಹೆಣ್ಣುಮಕ್ಕಳದೇ ಜಾಸ್ತಿ ತೊಂದರೆ. ಹೆಸರು ತವರಿನಲ್ಲೇ ಉಳಿದಿರುತ್ತೆ, ಇಲ್ಲವೇ ಅಲ್ಲಿ ತೆಗೆದಿರುತ್ತಾರೆ ಆದರೆ ಇಲ್ಲಿ ಸೇರಿಸಿರುವುದಿಲ್ಲ. ನಮೂನೆ 8 ತುಂಬಿದರೆ ಹೆಸರು ಇಲ್ಲಿಗೆ ಬರುತ್ತೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಅಜ್ಜಿಯ ಹೆಸರು ಎಷ್ಟು ಕೆಟ್ಟುಹೋಗಿತ್ತೆಂದರೆ, ಮೂರು ಸಲ ಓದಿದರೂ ಅದು ತನ್ನ ಹೆಸರು ಅಂತ ಅವರಿಗೇ ತಿಳಿಯಲಿಲ್ಲ. ಗಂಡನ ಹೆಸರು ಓದಿದಾಗ ತಿಳಿಯಿತು. ಕೆಲವು ಮನೆಗಳ ನಂಬರಿನ ಜಾಗದಲ್ಲಿ ಸುಮ್ನೆ ಸೊನ್ನೆ ಇತ್ತು.

ನಮ್ಮ ಭಾಗದ ಬಿಎಲ್‌ಒ, ಅಂದರೆ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂಗನವಾಡಿ ಅಕ್ಕ. ಮಕ್ಕಳಿಗೆ ಊಟ ಬಡಿಸಿ, ತೂಕ ಬರೆದು, ಆಮೇಲೆ ಇದನ್ನೂ ಮಾಡಬೇಕು. ಅವರನ್ನು ದೂರುವುದು ಸರಿಯಲ್ಲ. ಎರಡನೇ ಭಾನುವಾರ ಅವರೂ ಕಟ್ಟೆಗೆ ಬಂದರು. ಹತ್ತು ಸಲ ಮನೆಮನೆ ತಿರುಗಿದರೂ ಸಿಗದ ಮಾಹಿತಿ ಒಂದೇ ಸಂಜೆಗೆ ಸಿಕ್ಕಿತು ಅಂತ ಅವರೇ ಹೇಳಿದರು.

ಇಲ್ಲೊಂದು ವಿಷಯ ಓದುಗರು ಗಮನಿಸಬೇಕು. ಇದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಪಟ್ಟಿ ಪರಿಷ್ಕರಣೆ ಹೊತ್ತಿಗೆ ಗ್ರಾಮಸಭೆ, ಸ್ಥಳೀಯ ಸಂಸ್ಥೆಗಳ ಸಭೆಯಲ್ಲಿ ಆಯಾ ಭಾಗದ ಪಟ್ಟಿಯನ್ನು ಓದಬೇಕು ಅಂತ ಚುನಾವಣಾ ಆಯೋಗದ ಸೂಚನೆಯೇ ಇದೆ. ನನಗೆ ತಿಳಿದ ಮಟ್ಟಿಗೆ ನಮ್ಮ ಓಣಿಯಲ್ಲಿ ಯಾರೂ ಹಾಗೆ ಓದಿದ್ದಿಲ್ಲ. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಆ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ, ಪಂಚಾಯಿತಿ ಕಚೇರಿಗಳಲ್ಲೂ ಹಚ್ಚಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮಲ್ಲಿ ಕೋರ್ಟ್ ಹೇಳುವತನಕ ಯಾಕೆ ಕಾಯಬೇಕು? ತೆಗೆದ ಹೆಸರುಗಳ ಪಟ್ಟಿಯನ್ನು ಬೇರೆಯಾಗಿಯೇ ಓದಲಿ. ಇರುವವರ ಹೆಸರಿಗಿಂತ ಅದನ್ನು ಕೇಳಿಸಿಕೊಳ್ಳುವುದು ಮುಖ್ಯ.

ಇದೇ ಮಾತು ಕ್ಷೇತ್ರದ ಗಡಿಗೂ ಅನ್ವಯಿಸುತ್ತದೆ, ನಮ್ಮೂರಿನವರಿಗೆ ಇದರ ನೋವು ಚೆನ್ನಾಗಿ ಗೊತ್ತು. 2004ರವರೆಗೂ ಗುಳೇದಗುಡ್ಡ ಎಂಬ ವಿಧಾನಸಭಾ ಕ್ಷೇತ್ರವೇ ಇತ್ತು. 2008ರ ಚುನಾವಣೆ ಹೊತ್ತಿಗೆ ಅದು ಇಲ್ಲ, ಊರು ಬಾದಾಮಿ ಕ್ಷೇತ್ರಕ್ಕೆ ಸೇರಿತ್ತು. ಅದೇ ಸಲ ತೇರದಾಳ ಹೊಸ ಕ್ಷೇತ್ರವಾಯಿತು, ಜಿಲ್ಲೆಯ ಒಟ್ಟು ಕ್ಷೇತ್ರ 7 ಇದ್ದದ್ದು 7 ಆಗಿಯೇ ಉಳಿಯಿತು. ಜನಸಂಖ್ಯೆ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ನಾನು ಅದನ್ನು ತಪ್ಪು ಅನ್ನುತ್ತಿಲ್ಲ. ಕರಡು ಪ್ರಕಟಿಸಿ ಬಹಿರಂಗ ಸಭೆ ನಡೆಸಬೇಕು ಅಂತ 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯಲ್ಲಿತ್ತು. ಆದರೆ ಆ ಸಭೆಯ ಸುದ್ದಿ ನಮ್ಮ ಮಗ್ಗದ ಮನೆಗಳಿಗೆ ಮುಟ್ಟಿರಲಿಲ್ಲ. ಬೋರ್ಡಿನ ಮೇಲೆ ಹೆಸರು ಬದಲಾದ ಮೇಲೆಯೇ ಅಪ್ಪನಿಗೆ ಗೊತ್ತಾದದ್ದು. ಅಂತಿಮ ಆದೇಶ ಬಂದ ಮೇಲೆ ಕೋರ್ಟಿಗೆ ಹೋಗುವ ದಾರಿ ಬಹಳ ಇಕ್ಕಟ್ಟು, ಹೇಳುವುದನ್ನು ಕರಡು ಇರುವಾಗಲೇ ಹೇಳಬೇಕು. ಈಗ 2027ರ ಜನಗಣತಿ ಬರುತ್ತಿದೆ. 2026ರ ನಂತರದ ಮೊದಲ ಜನಗಣತಿ ಆದ ಮೇಲೆ ಕ್ಷೇತ್ರಗಳನ್ನು ಮತ್ತೆ ಹಂಚಬೇಕು ಅಂತ ಸಂವಿಧಾನದಲ್ಲಿದೆ. ದಿಲ್ಲಿಯಲ್ಲಿ ಉತ್ತರಕ್ಕೆ ಎಷ್ಟು ಸೀಟು, ದಕ್ಷಿಣಕ್ಕೆ ಎಷ್ಟು ಅನ್ನುವ ಚರ್ಚೆ ಜೋರಾಗಿದೆ, ಅದು ಬೇಕು. ನಮ್ಮ ಹಳ್ಳಿ ಯಾವ ಕ್ಷೇತ್ರಕ್ಕೆ, ನಮ್ಮ ಓಣಿ ಯಾವ ವಾರ್ಡಿಗೆ ಅನ್ನುವುದನ್ನು ಯಾರು ಚರ್ಚಿಸುತ್ತಾರೆ?

ಗಡಿ ಕೆಲಸ ಕತ್ತಲಲ್ಲಿ ನಡೆದರೆ ತಕರಾರು ಹುಟ್ಟುತ್ತವೆ, ತಕರಾರಿನಿಂದ ಚುನಾವಣೆಯೇ ನಿಲ್ಲುತ್ತೆ. ಬೆಳಗಾವಿ ಮಹಾನಗರ ಪಾಲಿಕೆಯ ಅವಧಿ 2019ರಲ್ಲಿ ಮುಗಿದರೂ 58 ವಾರ್ಡುಗಳಿಗೆ ಮತದಾನ ಆದದ್ದು ಸೆಪ್ಟೆಂಬರ್ 2021ರಲ್ಲಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳದಂತೂ ಹೇಳುವುದೇ ಬೇಡ. 2016ರಲ್ಲಿ ಆರಿಸಿದವರ ಅವಧಿ 2021ಕ್ಕೆ ಮುಗಿಯಿತು. ಅದೇ ವರ್ಷ ಗಡಿ ಮತ್ತು ಮೀಸಲಾತಿ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು, ಆಮೇಲೆ ಈ ಪಂಚಾಯಿತಿಗಳು ವರ್ಷಗಟ್ಟಲೆ ಆರಿಸಿ ಬಂದ ಸದಸ್ಯರೇ ಇಲ್ಲದೆ ನಡೆದವು. ಗಡಿ ಹಂಚಿಕೆ ಮುಗಿದಿಲ್ಲ ಅಂತ ಚುನಾವಣೆ ತಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇನಲ್ಲೇ ಮಧ್ಯಪ್ರದೇಶದ ಕೇಸಿನಲ್ಲಿ ಹೇಳಿದೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೆಟ್ಟರೆ ಹಳ್ಳಿಯವರು ಯಾರ ಮನೆ ಬಾಗಿಲು ತಟ್ಟಬೇಕು?

ನಾವು ಮಾಡಿದ ಇನ್ನೊಂದು ಕೆಲಸ ಮಾಹಿತಿ ಹಕ್ಕಿನದು. ವಾರ್ಡ್ ಚಕ್ಕುಬಂದಿಯ ಕಡತ ನೋಡಬೇಕು ಅಂತ ಒಂದು ಕಚೇರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿದೆವು. 30 ದಿನ ಕಳೆದರೂ ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು, ಪುಟಕ್ಕೆ 2 ರೂಪಾಯಿಯಂತೆ. ಅರ್ಜಿ ಬರೆಯುವವರಿಗೆ ಒಂದು ಮಾತು: ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೊದಲ ಸಲ ನಾವು ಎರಡು ಪುಟ ಬರೆದು ವಾಪಸ್ ತಂದಿದ್ದೆವು. ಅಷ್ಟಾಗಿ ಕೈಗೆ ಬಂದ ಆ ಕಡತದಲ್ಲಿ ಗುಟ್ಟು ಏನೂ ಇರಲಿಲ್ಲ. ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥವರ ಹೊಲ, ಅಷ್ಟೇ. ಗೋಡೆಗೆ ಹಚ್ಚಬಹುದಾದ ಒಂದು ಹಾಳೆಗೆ ನಾವು ಮೂರು ತಿಂಗಳು ಓಡಾಡಿದೆವು. ಕೇಳುವ ಮುಂಚೆಯೇ ಜನರಿಗೆ ಮಾಹಿತಿ ಕೊಡಬೇಕು ಅಂತ 2005ರ ಕಾಯ್ದೆಯ 4ನೇ ಕಲಮು ಹೇಳುತ್ತೆ.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಪರಿಷ್ಕರಣೆಯಲ್ಲಿ ಪ್ರತಿ ಭಾಗದ ಪಟ್ಟಿಯನ್ನು, ತೆಗೆದ ಹೆಸರುಗಳ ಸಮೇತ, ಓಣಿಯಲ್ಲೇ ಓದಿ ಹೇಳಿ. ಸಂಜೆ ಹೊತ್ತು ಓದಿ, ಬೆಳಗಿನ ಹನ್ನೊಂದಕ್ಕೆ ಕೂಲಿಗೆ ಹೋದವರು ಇರುವುದಿಲ್ಲ. ವಾರ್ಡ್ ಅಥವಾ ಕ್ಷೇತ್ರದ ಕರಡು ಬಂದಾಗ ಕನ್ನಡದಲ್ಲಿ, ಓಣಿಯ ಹೆಸರು ಹಾಕಿದ ನಕ್ಷೆಯನ್ನು ರೇಷನ್ ಅಂಗಡಿ ಮುಂದೆ ಹಚ್ಚಿ, ಡಂಗುರ ಹೊಡೆಸಿ. ದುಡಿಯಲು ಹೋದವರ ಮನೆಗೆ ನೋಟಿಸ್ ಬಂದರೆ ಫೋನಿನಲ್ಲಾದರೂ ಒಂದು ಮಾತು ಕೇಳಿ.

ನಮ್ಮ ಕಟ್ಟೆಯ ಓದು ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಆರಕ್ಕೆ ನಡೆಯುತ್ತಿದೆ. 17 ತುಂಬಿದ ಹುಡುಗ ಹುಡುಗಿಯರೂ ಬರಬಹುದು, 18 ತುಂಬಿದೆಯೇ ಅಂತ ಲೆಕ್ಕ ಹಾಕುವ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು ಇರುವುದರಿಂದ ಅರ್ಜಿ ಮೊದಲೇ ಕೊಡಬಹುದು. ಬರುವಾಗ ವೋಟರ್ ಕಾರ್ಡಿನ ಝೆರಾಕ್ಸ್ ತನ್ನಿ, ಸೊಸೆಯಂದಿರು ತವರಿನ ಕಾರ್ಡಿದ್ದರೆ ಅದನ್ನೂ ತನ್ನಿ. ವೈನಿ ಈ ಸಲ ಊರಿಗೆ ಬಂದಾಗ ತನ್ನ ಓಣಿಯ ಪುಟವನ್ನು ತಾನೇ ಓದುತ್ತೇನೆ ಅಂದಿದ್ದಾಳೆ.

ಇಂತಿ ನಿಮ್ಮ ಓದುಗ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ