ಲಾಂಗ್ಸ್ ಪೀಕ್‌ಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೊಲರಾಡೊದ ಲಾಂಗ್ಸ್ ಪೀಕ್ 4,346 ಮೀಟರ್ ಎತ್ತರ. ಕೀಹೋಲ್ (ಬೆಟ್ಟದ ಏಣಿನಲ್ಲಿ ಬೀಗದ ಕಿಂಡಿಯ ಹಾಗಿರುವ ಕಂಡಿ) ದಾರಿಯಲ್ಲಿ ಹೋಗಿಬರಲು ಸುಮಾರು 24 ಕಿ.ಮೀ., ಏರು ಹತ್ತಿರಹತ್ತಿರ 1,500 ಮೀಟರ್. ಬೆಳಗಿನ ಜಾವ 3 ಗಂಟೆಯೊಳಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟುಬಿಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು, ಮರಗಳು ಮುಗಿದ ಮೇಲೆ ಮರೆಗೆ ಜಾಗವೇ ಇಲ್ಲ. 12 ಗಂಟೆಗೆ ಮೊದಲೇ ತುದಿ ಬಿಟ್ಟು ಇಳಿಯುತ್ತಿರಬೇಕು.

ಕೀಹೋಲ್ ದಾಟಿದರೆ ಆಟವೇ ಬೇರೆ. ಗಾಳಿ ಮುಖಕ್ಕೆ ರಾಚುತ್ತದೆ, ಕೈಯೂರಿ ಹತ್ತಬೇಕು. ಬಂಡೆಗಳ ಮೇಲೆ ಹಳದಿ–ಕೆಂಪು ದುಂಡು ಗುರುತುಗಳಿವೆ (ದೂರದಿಂದ ಥೇಟ್ ಆಮ್ಲೆಟ್!). ಮುಂದಿನ ಗುರುತು ಕಾಣದಿದ್ದರೆ ಊಹೆ ಮಾಡಿಕೊಂಡು ಮುಂದೆ ಹೋಗಬೇಡಿ, ಹಿಂದಿನದಕ್ಕೆ ವಾಪಸ್ ಬನ್ನಿ. 'ಟ್ರಫ್' ಕೊರಕಲಿನಲ್ಲಿ ಮೇಲಿನವರ ಕಾಲು ತಗುಲಿ ಸಡಿಲ ಕಲ್ಲು ಉರುಳುತ್ತವೆ. ಹೆಲ್ಮೆಟ್ ಇರಲಿ, ಯಾರ ನೇರ ಕೆಳಗೂ ನಿಲ್ಲಬೇಡಿ. ಕೊನೆಯ 'ಹೋಮ್‌ಸ್ಟ್ರೆಚ್' ಹಾಸುಬಂಡೆ ಸವೆದು ನುಣುಪಾಗಿದೆ. ಅದರ ಮೇಲೆ ಗಾಜಿನಂಥ ತೆಳು ಮಂಜುಗಡ್ಡೆ ಕೂತಿದ್ದರೆ ಬೂಟಿಗೆ ಹಾಕುವ ಮೈಕ್ರೋಸ್ಪೈಕ್ಸ್‌ನ ಮುಳ್ಳು ಕಚ್ಚಿಕೊಳ್ಳಲು ದಪ್ಪವೇ ಸಾಲದು, ಕೆರೆದು ಜಾರುತ್ತದೆ. ಹಾಗಿದ್ದ ದಿನ ಕೀಹೋಲ್‌ನಿಂದಲೇ ತಿರುಗಿ ಬನ್ನಿ.

ಬ್ಯಾಗನ್ನು ಬೌಲ್ಡರ್ ಫೀಲ್ಡ್‌ನಲ್ಲಿ (ಕೀಹೋಲ್‌ಗೆ ಮೊದಲು ಸಿಗುವ ಬಂಡೆಗಳ ಬಯಲು) ಬಿಟ್ಟು ಹೋಗಬೇಡಿ. ಮಾರ್ಮಟ್‌ಗಳು (ಅಳಿಲಿನ ಜಾತಿಯ ದಪ್ಪ ಪ್ರಾಣಿಗಳು) ಬೆವರಿನ ಉಪ್ಪಿಗೆ ಪಟ್ಟಿಗಳನ್ನೇ ಕಡಿದು ಹಾಕುತ್ತವೆ.