ಉಪವಾಸದ ದಿನವೇ ಎಣ್ಣೆ ಬಾಣಲೆ

ಮಾನ್ಯ ಸಂಪಾದಕರೇ,

ಶ್ರಾವಣದಲ್ಲಿ ಸೋಮವಾರ, ಶನಿವಾರಗಳ ಒಪ್ಪೊತ್ತು ಹಿಡಿಯುವ ಮನೆಗಳು ನಮ್ಮ ಸೋಮವಾರಪೇಟೆ ಕಡೆ ಈಗಲೂ ಸಾಕಷ್ಟಿವೆ. ನಾನೂ ಹಿಡಿಯುವವಳೇ ಆದ್ದರಿಂದ ಈ ಪತ್ರವನ್ನು ವ್ರತದ ವಿರುದ್ಧ ಬರೆದದ್ದೆಂದು ಯಾರೂ ಭಾವಿಸಬಾರದು. ಹೊಟ್ಟೆಗೆ ಬಿಡುವು ಕೊಡಬೇಕಾದ ದಿನವೇ ಉಳಿದ ದಿನಗಳಿಗಿಂತ ಹೆಚ್ಚು ಎಣ್ಣೆ, ಸಕ್ಕರೆ ಒಳಗೆ ಹೋಗುತ್ತಿದೆಯಲ್ಲ, ಅದಷ್ಟೇ ನನ್ನ ತಕರಾರು.

ಕಳೆದ ಶನಿವಾರ ನಮ್ಮ ಮನೆಯಲ್ಲಿ ಫಲಾಹಾರವೆಂದು ತಟ್ಟೆಗೆ ಬಂದದ್ದು ಸಬ್ಬಕ್ಕಿ ವಡೆ, ಆಲೂಗೆಡ್ಡೆ ಚಿಪ್ಸ್ ಮತ್ತು ತುಪ್ಪ ಜಿನುಗುವ ಸಜ್ಜಿಗೆ. ಫಲ ಎಂಬುದು ತಟ್ಟೆಯ ಅಂಚಿನಲ್ಲಿದ್ದ ಒಂದು ಪುಟ್ಟಬಾಳೆ ಮಾತ್ರ. ಮಾಡಿದವಳು ನಾನೇ. ಸಬ್ಬಕ್ಕಿ ತಯಾರಾಗುವುದು ಮರಗೆಣಸಿನ ಪಿಷ್ಟದಿಂದ. 100 ಗ್ರಾಂ ಸಬ್ಬಕ್ಕಿಯಲ್ಲಿ 1 ಗ್ರಾಂ ಪ್ರೋಟೀನು ಕೂಡ ಇರುವುದಿಲ್ಲ. ಅಷ್ಟೇ ತೂಕದ ಹೆಸರುಬೇಳೆಯಲ್ಲಾದರೆ ಸುಮಾರು 24 ಗ್ರಾಂ ಇರುತ್ತದೆ. ಅನ್ನ ಬಿಟ್ಟ ಸಮಾಧಾನದಲ್ಲಿ ಎರಡೆರಡು ಸಲ ಅವಲಕ್ಕಿ ಹಾಕಿಸಿಕೊಳ್ಳುವವರಿಗೆ ಅದೂ ಅಕ್ಕಿಯೇ ಎಂದು ನೆನಪಿಸಿದರೆ ಸಿಟ್ಟು ಬರುತ್ತದೆ, ಇರಲಿ.

ಅದೇ ದಿನ, ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತಿಗೆಯವರು ಬೆಳಿಗ್ಗೆ ಎಂದಿನ ಮಾತ್ರೆ ನುಂಗಿ, ಮಧ್ಯಾಹ್ನ 2 ಗಂಟೆಯವರೆಗೂ ಬರೀ ಕಾಫಿಯಲ್ಲೇ ಕಳೆದಿದ್ದರು. ಸಂಜೆಯ ಪೂಜೆಗೆಂದು ಹೂ ಕಟ್ಟುತ್ತಿದ್ದವರ ಬೆರಳು ನಡುಗಿ ದಾರ ಕೈಜಾರಿತು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಕಂಬಳಿ ಹೊದೆಯುವಷ್ಟು ಚಳಿ, ಇವರ ಹಣೆಯಲ್ಲಿ ನೋಡಿದರೆ ಬೆವರು! ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದಾದ್ದರಿಂದ, ಅಂಥವರು ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ, ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಬೇಕು.

ಇಷ್ಟಕ್ಕೂ ಕೊಡಗಿನ ಅಡುಗೆಮನೆ ಕರಿದದ್ದನ್ನೇ ನಂಬಿಕೊಂಡದ್ದಲ್ಲ. ಅಕ್ಕಿಯ ತಿಂಡಿಗಳಾದ ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು ಎಲ್ಲವೂ ಹಬೆಯಲ್ಲಿ ಬೇಯುವಂಥವು. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪೆಂಬ ಔಷಧಿ ಗಿಡದ ನೇರಳೆ ಬಣ್ಣದ ರಸದಲ್ಲಿ ಮಾಡುವ ಪಾಯಸಕ್ಕೂ ಎಣ್ಣೆ ಕಾಯಿಸಬೇಕಾಗಿಲ್ಲ. ಒಪ್ಪೊತ್ತಿನ ಊಟದಲ್ಲಿ ಅಕ್ಕಿ ಬಳಸುವ ಮನೆಯವರು ಕಡಂಬುಟ್ಟಿಗೆ ಮೊಳಕೆ ಹೆಸರುಕಾಳಿನ ಸಾರು ಮಾಡಿಕೊಳ್ಳಬಹುದು, ಈರುಳ್ಳಿ ಬೆಳ್ಳುಳ್ಳಿ ಹಾಕದೆಯೂ ಅದು ರುಚಿಯಾಗುತ್ತದೆ. ಧಾನ್ಯವನ್ನೇ ಮುಟ್ಟದ ಏಕಾದಶಿಯವರಿಗೆ ಬೇಯಿಸಿದ ಗೆಣಸು, ಹಾಲು, ಮಜ್ಜಿಗೆ, ಸೀಬೆಹಣ್ಣು ಇದ್ದೇ ಇವೆ. ಹಬ್ಬದ ಆಸೆಗೆ ಒಂದೆರಡು ವಡೆ ಕರಿದರೂ ಆ ಎಣ್ಣೆಯನ್ನು ಎತ್ತಿಟ್ಟು ಮುಂದಿನ ವಾರ ಮತ್ತೆ ಕಾಯಿಸುವುದನ್ನಂತೂ ಬಿಡಬೇಕು.

ಶ್ರಾವಣ ಸೋಮವಾರಗಳಲ್ಲಿ ಫಲಾಹಾರ ಹಂಚುವ ದೇವಸ್ಥಾನ ಸಮಿತಿಯವರು ವಡೆಯ ಪಕ್ಕದಲ್ಲಿ ಒಂದು ಸೌಟು ಸೌತೆಕಾಯಿ ಕೋಸಂಬರಿಯನ್ನೂ ಬಡಿಸುವ ಏರ್ಪಾಡು ಮಾಡಲಿ. ತಮ್ಮ ಪತ್ರಿಕೆಯ ಅಡುಗೆ ಅಂಕಣದಲ್ಲಿ ವ್ರತದ ವಿಶೇಷವೆಂದು ಈವರೆಗೆ ಬಂದ ತಿಂಡಿಗಳೆಲ್ಲ ಕರಿದವೇ ಆಗಿರುವುದರಿಂದ, ಶ್ರಾವಣದ ಉಳಿದ ವಾರಗಳಲ್ಲಾದರೂ ಹಬೆಯಲ್ಲಿ ಬೇಯಿಸುವ ತಿಂಡಿಗಳಿಗೆ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ,
ಓದುಗಿ, ಸೋಮವಾರಪೇಟೆ