ದಡದ ಮೇಲೆ ಕೂರಿಸಿದ ಮಕ್ಕಳನ್ನೂ ನೀರಿಗಿಳಿಸಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಳಾದ ಶಿಕ್ಷಕಿ ನಾನು. ಈ ಅವಧಿಯಲ್ಲಿ ನನ್ನ ಹಾಜರಿ ಪುಸ್ತಕದ ನಾಲ್ಕು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಕಾಯಿತು. ಒಂದು ಮಗುವನ್ನು ಜ್ವರ ಕೊಂಡೊಯ್ದಿತು, ಉಳಿದ ಮೂವರನ್ನು ನೀರು. ಆ ಮೂವರಲ್ಲಿ ಕೊನೆಯವನು ಮೂರನೇ ತರಗತಿಯ ಹುಡುಗ. ಯುಗಾದಿ ಕಳೆದ ವಾರ ಆಡು ಹೊಡೆದುಕೊಂಡು ಹೋದವನು ಕೃಷಿ ಹೊಂಡಕ್ಕೆ ಜಾರಿದ್ದ. ಮರುದಿನ ನಾನು ಅಲ್ಲಿಗೆ ಹೋದಾಗ ಹೊಂಡಕ್ಕೆ ಹಾಸಿದ್ದ ಕಪ್ಪು ಪಾಲಿಥಿನ್ ಹೊದಿಕೆಯ ಮೇಲೆ, ನೀರಿನ ಮಟ್ಟದಿಂದ ಒಂದು ಮೊಳ ಮೇಲಿನವರೆಗೆ, ಪಾಚಿಯನ್ನು ಬೆರಳುಗಳು ಕೆರೆದ ಗುರುತು ಹಾಗೇ ಇತ್ತು. ಅವನು ಹತ್ತಲು ಪ್ರಯತ್ನಿಸಿದ್ದ. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಹೊಲಗಳಲ್ಲಿ ಮಳೆನೀರು ಹಿಡಿದಿಡಲು ಹೊಂಡ ತೋಡಿಸುವ ಕೃಷಿ ಭಾಗ್ಯ ಯೋಜನೆ ಆರಂಭವಾದ 2014ರಿಂದೀಚೆಗೆ ನಮ್ಮ ಒಣಭೂಮಿಯ ತಾಲ್ಲೂಕುಗಳಲ್ಲಿ ಇಂಥ ಹೊಂಡಗಳು ಸಾಕಷ್ಟು ಬಂದಿವೆ ಮತ್ತು ಅವುಗಳಿಂದ ರೈತರಿಗೆ ಆಗಿರುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತು ಮೀಟರ್ ಅಗಲದ್ದಾಗಲಿ, ಇಪ್ಪತ್ತೊಂದು ಮೀಟರ್ ಅಗಲದ್ದಾಗಲಿ, ಅವುಗಳ ಆಳ 3 ಮೀಟರ್. ಹಳೆಯ ಕಟ್ಟೆಗಳ ದಂಡೆಯಲ್ಲಿ ಕಾಲೂರಲು ಕಲ್ಲಿರುತ್ತಿತ್ತು, ಹಿಡಿಯಲು ಲಕ್ಕಿಗಿಡವಿರುತ್ತಿತ್ತು. ಹೊದಿಕೆ ಹಾಸಿದ ಹೊಂಡದಿಂದ ಈಜು ಬಲ್ಲ ದೊಡ್ಡವರೂ ಸುಲಭವಾಗಿ ಮೇಲೆ ಬರಲಾರರು. ಬೇಲಿ ಹಾಕಿಸುವುದು, ನಾಲ್ಕೂ ಬದಿಗೆ ಗೂಟ ಹೊಡೆದು ಗಂಟು ಹಾಕಿದ ಹಗ್ಗ ಇಳಿಬಿಡಿಸುವುದು ಕೃಷಿ ಇಲಾಖೆಯ ಕೆಲಸ. ಆದರೆ ಬೇಲಿಯಿಲ್ಲದ ಹೊಂಡದ ಹತ್ತಿರ ಹೋಗಬಾರದೆಂದು, ಬಿದ್ದರೆ ಏನು ಮಾಡಬೇಕೆಂದು ಎಂಟು ವರ್ಷದ ಮಗುವಿಗೆ ಕಲಿಸುವುದು ತಮ್ಮ ಇಲಾಖೆಯ ಕೆಲಸವೆಂದು ನಾನು ನಂಬಿದ್ದೇನೆ. ಅದನ್ನು ನಾನು ಕಲಿಸಲಿಲ್ಲ. ಕಲಿಸಬೇಕೆಂದು ನನಗೂ ಯಾರೂ ಹೇಳಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಐದು ವರ್ಷ ತುಂಬದ ಮಕ್ಕಳು. ನಮ್ಮ ದೇಶದಲ್ಲಿ ಪೊಲೀಸ್ ದಾಖಲೆಗೆ ಬಂದ ಇಂಥ ಸಾವುಗಳೇ ವರ್ಷಕ್ಕೆ 30 ಸಾವಿರ ದಾಟುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರಿನಲ್ಲಿ ಮುಳುಗು ಸಾವುಗಳನ್ನು ತಡೆಯುವ ಕಾರ್ಯತಂತ್ರದ ಚೌಕಟ್ಟೊಂದನ್ನು ಪ್ರಕಟಿಸಿತು. ಅದು ನಮ್ಮ ಶಾಲೆಯ ಕಪ್ಪುಹಲಗೆಯವರೆಗೆ ಇನ್ನೂ ಬಂದಿಲ್ಲ.

ನಾನು ಕೇಳುತ್ತಿರುವುದು ಈಜು ಸ್ಪರ್ಧೆಗಳನ್ನಲ್ಲ, ಪದಕಗಳನ್ನಲ್ಲ, ತಾಲ್ಲೂಕಿಗೊಂದು ಈಜುಕೊಳವನ್ನೂ ಅಲ್ಲ. ಒಂದನೇ ತರಗತಿಯಿಂದಲೇ ಪ್ರತಿ ಮಗುವಿಗೂ ನೀರಿನ ತಿಳಿವಳಿಕೆ ಸಿಗಬೇಕು ಮತ್ತು ಆ ‘ಪ್ರತಿ ಮಗು’ ಎಂಬ ಮಾತಿನಿಂದ ಯಾವ ಮಗುವನ್ನೂ ಸದ್ದಿಲ್ಲದೆ ಹೊರಗಿಡಬಾರದು ಎಂಬುದಷ್ಟೇ ನನ್ನ ಬೇಡಿಕೆ. ಈ ಎರಡನೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಕೊಡಿ.

ಹಿಂದೆ ಊರಿನಲ್ಲಿ ಎಲ್ಲರೂ ಈಜು ಕಲಿಯುತ್ತಿದ್ದರು ಎಂದು ನಮ್ಮ ತಲೆಮಾರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವ ಬಾವಿಗೆ ತಳ್ಳುತ್ತಿದ್ದ ಕಥೆಗಳು ಪ್ರತಿ ಮನೆಯಲ್ಲೂ ಇವೆ. ಆದರೆ ಆ ‘ಎಲ್ಲರೂ’ ಯಾರು? ನನ್ನ ಅಣ್ಣಂದಿರಿಬ್ಬರೂ ಕಲಿತರು. ನಾನು ಮೆಟ್ಟಿಲ ಮೇಲೆ ಅವರ ಬಟ್ಟೆ ಹಿಡಿದುಕೊಂಡು ಕುಳಿತಿದ್ದೆ. ಕಲ್ಯಾಣಿಯ ನೀರು ಮುಟ್ಟಲು ಬಿಡದ ಕೇರಿಯ ಮಕ್ಕಳು ಅತ್ತ ಸುಳಿಯುವಂತೆಯೇ ಇರಲಿಲ್ಲ. ಅವರು ಕಲಿತರೆ ಸೆಳೆತವಿರುವ ನಾಲೆಯಲ್ಲಿ ಕಲಿಯಬೇಕಿತ್ತು. ಪೋಲಿಯೊ ಬಂದ ಹುಡುಗನನ್ನು ನೀರಿನ ಹತ್ತಿರ ಬಿಡುವುದೇ ಪಾಪವೆಂದು ಭಾವಿಸಲಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಧೈರ್ಯವಿತ್ತು, ಕೌಶಲವಿತ್ತು, ಆದರೆ ಅದು ಗಟ್ಟಿಮುಟ್ಟಾದ ಗಂಡುಮಕ್ಕಳಿಗಷ್ಟೇ, ಅವರಲ್ಲೂ ಕೆಲವರಿಗಷ್ಟೇ, ಮೀಸಲಾಗಿತ್ತು.

ಈಗಿನ ಪದ್ಧತಿ ಅದಕ್ಕಿಂತ ಉದಾರವಾಗಿಲ್ಲವೆಂಬುದನ್ನು ನಾನು ನಿವೃತ್ತಿಗೆ ಮುಂಚಿನ ಬೇಸಿಗೆಯಲ್ಲಿ ಕಂಡೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮತ್ತು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದರಿಂದ ಇಪ್ಪತ್ತೆರಡು ಮಕ್ಕಳನ್ನು ಹತ್ತು ದಿನ ಪಟ್ಟಣದ ಈಜುಕೊಳವೊಂದಕ್ಕೆ ಕರೆದೊಯ್ದೆವು. ಅವರಲ್ಲಿ ಹುಟ್ಟಿನಿಂದ ಕಿವಿ ಕೇಳಿಸದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳಿದ್ದಳು. ‘ಸಿಳ್ಳೆ ಕೇಳಿಸದ ಮಗುವನ್ನು ನಾನು ಹೇಗೆ ನೋಡಿಕೊಳ್ಳಲಿ ಮೇಡಂ, ರಿಸ್ಕ್ ಬೇಡ’ ಎಂದರು ತರಬೇತುದಾರರು. ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿ ಒಪ್ಪಿಕೊಂಡೆ. ಹತ್ತು ದಿನವೂ ಆ ಹುಡುಗಿ ಕೊಳದ ಅಂಚಿನಲ್ಲಿ ಕುಳಿತು ಉಳಿದವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟು ಕಾಯ್ದಳು. ಹನ್ನೊಂದನೆಯ ದಿನ ಅವಳ ತಾಯಿ ಶಾಲೆಗೆ ಬಂದು, ತಮ್ಮ ಮನೆಯ ಹಿತ್ತಲಿಗೇ ನಾಲೆ ಇದೆಯೆಂದೂ, ಇವಳು ಬಿದ್ದರೆ ತಾನು ಕೂಗಿದ್ದು ಇವಳಿಗೆ ಕೇಳಿಸದೆಂದೂ, ಇವಳಿಗಲ್ಲವೇ ಮೊದಲು ಕಲಿಸಬೇಕಾಗಿದ್ದುದು ಎಂದೂ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇತ್ತು ಎಂಬುದು ಆಮೇಲೆ ತಿಳಿಯಿತು. ಕಿವಿ ಕೇಳಿಸದ ಮಗುವಿಗೆ ಸಿಳ್ಳೆಯ ಬದಲು ಕೆಂಪು ಬಾವುಟ ಸಾಕು. ಕಲಿಸುವವರು ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಜೊತೆಗೊಬ್ಬ ಗೆಳತಿ ಭುಜ ತಟ್ಟಿ ಎಚ್ಚರಿಸಬೇಕು, ಶ್ರವಣ ಸಾಧನವನ್ನು ಕಳಚಿ ಒಣ ಡಬ್ಬಿಯಲ್ಲಿಡಬೇಕು. ಕಣ್ಣು ಕಾಣದ ಮಗು ಕೊಳದಲ್ಲಿ ಕಟ್ಟಿದ ಹಗ್ಗವನ್ನು ಆಸರೆಯಾಗಿಟ್ಟುಕೊಂಡು ಈಜಬಲ್ಲದು. ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಥ ಈಜುಗಾರರಿಗೆ ಗೋಡೆ ಹತ್ತಿರ ಬಂತೆಂದು ತಿಳಿಸುವುದು ತುದಿಗೆ ಮೆತ್ತನೆಯ ಉಂಡೆ ಕಟ್ಟಿದ ಕೋಲಿನಿಂದ. ಮೂರ್ಛೆರೋಗವಿರುವ ಮಗುವಿಗೆ ನೀರಿನ ಅಪಾಯ ಇತರರಿಗಿಂತ ಹೆಚ್ಚು, ಆದ್ದರಿಂದ ವೈದ್ಯರ ಸಲಹೆ ಪಡೆದು, ಕೈಗೆಟಕುವಷ್ಟು ಹತ್ತಿರದಲ್ಲಿ ಒಬ್ಬ ದೊಡ್ಡವರು ಅದಕ್ಕೆಂದೇ ಇರಬೇಕು. ಆಟಿಸಂ ಇರುವ ಮಕ್ಕಳಲ್ಲಿ ಹಲವರನ್ನು ನೀರು ಎಳೆದುಕೊಳ್ಳುತ್ತದೆ. ಯಾರಿಗೂ ಹೇಳದೆ ಮನೆಯಿಂದ ಹೊರಟವರು ಕೆರೆಯ ಕಡೆಗೇ ನಡೆಯುವುದುಂಟು. ಅವರಿಗೆ ಗದ್ದಲವಿಲ್ಲದ ಹೊತ್ತು, ದಿನವೂ ಅದೇ ಕ್ರಮ, ಮುಂದೇನೆಂದು ತೋರಿಸುವ ಚಿತ್ರದ ಕಾರ್ಡುಗಳು ಬೇಕು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಪ್ರತಿ ಬ್ಲಾಕ್‌ನಲ್ಲೂ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ತಮ್ಮ ಇಲಾಖೆಯೇ ನೇಮಿಸಿದೆ. ಅವರನ್ನು ಈಜು ಕಲಿಸುವವರ ಜೊತೆ ಎರಡು ದಿನ ಕೂರಿಸಿದರೆ ಅರ್ಧ ಭಯ ಕಳೆಯುತ್ತದೆ.

ಬೆಂಗಳೂರಿನ ನಿರಂಜನ್ ಮುಕುಂದನ್ ಬೆನ್ನುಹುರಿಯ ಜನ್ಮಜಾತ ತೊಂದರೆಯೊಂದಿಗೆ ಹುಟ್ಟಿ, ಎಂಟನೆಯ ವಯಸ್ಸಿನಲ್ಲಿ ಚಿಕಿತ್ಸೆಯೆಂದೇ ನೀರಿಗಿಳಿದವರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಈಜಿದರು. ಎಡಗೈ ಪೂರ್ತಿ ಬೆಳೆಯದ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲೇ ಆರು ಪದಕ ಗೆದ್ದರು. ಇವರ ಹೆಸರನ್ನು ಹೇಳಿದ್ದು ನಮ್ಮ ಮಕ್ಕಳೆಲ್ಲ ಹೀಗಾಗಲಿ ಎಂದಲ್ಲ. ನಡೆಯಲು ಕಷ್ಟಪಡುವ ದೇಹವನ್ನೂ ನೀರು ಹೊರುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಇವರಿದ್ದಾರೆ ಎಂದು. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 16ನೆಯ ಪ್ರಕರಣವು ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಮತ್ತು ಕ್ರೀಡೆ, ಮನರಂಜನೆಗಳಲ್ಲಿ ಉಳಿದವರಿಗೆ ಸಮಾನವಾದ ಅವಕಾಶ ಕೊಡಬೇಕು ಎನ್ನುತ್ತದೆ. ಚಪ್ಪಲಿ ಕಾಯುವುದನ್ನು ಸಮಾನ ಅವಕಾಶವೆಂದು ಕರೆಯಲು ನನ್ನಿಂದಾಗದು.

ಹೆಣ್ಣುಮಕ್ಕಳ ವಿಷಯದಲ್ಲಿ ಎದುರಾಗುವ ಮೊದಲ ತಕರಾರು ಉಡುಪಿನದು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳು ಈಜಿನ ಪ್ರಮಾಣಪತ್ರ ಪಡೆಯಬೇಕಾದರೆ ಬಟ್ಟೆ ತೊಟ್ಟೇ ಈಜಿ ತೋರಿಸಬೇಕು, ಏಕೆಂದರೆ ಅಲ್ಲಿಯ ಮಕ್ಕಳೂ ಕಾಲುವೆಗೆ ಬೀಳುವುದು ತೊಟ್ಟ ಬಟ್ಟೆಯಲ್ಲೇ. ನಮ್ಮ ಮಕ್ಕಳಿಗೂ ಲೆಗ್ಗಿಂಗ್ ಮತ್ತು ಟಿ-ಶರ್ಟ್‌ನಲ್ಲಿ ಕಲಿಸಿದರೆ ಪೋಷಕರ ತಕರಾರೂ ತೀರುತ್ತದೆ, ಕಲಿಕೆಯೂ ನಿಜವಾಗುತ್ತದೆ. ಉಳಿದಂತೆ ಚಿಲಕವಿರುವ ಬಟ್ಟೆ ಬದಲಿಸುವ ಕೋಣೆ, ಕಲಿಸಲು ಒಬ್ಬ ಮಹಿಳೆ ಇದ್ದರೆ ಸಾಕು.

ಈಜುಕೊಳವೇ ಇಲ್ಲದ ಊರಿನಲ್ಲಿ ಏನು ಮಾಡುವುದೆಂದು ತಾವು ಕೇಳಬಹುದು. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳದೊಳಗೇ ಬಿದಿರಿನ ಅಟ್ಟಣಿಗೆ ಕಟ್ಟಿ, ಆಳವನ್ನು ಮಿತಿಗೊಳಿಸಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಮಕ್ಕಳಿಗೆ ಈಜು ಕಲಿಸುತ್ತಾರೆ. 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಹೇಳಿಕೊಳ್ಳುವ ರಾಜ್ಯ ನಮ್ಮದು. ಉದ್ಯೋಗ ಖಾತರಿಯಲ್ಲಿ ಹೂಳೆತ್ತಿ ಸರಿಪಡಿಸಿದ ಕಲ್ಯಾಣಿಗಳಲ್ಲಿ ಮೆಟ್ಟಿಲಿಗೊಂದು ಹಿಡಿಕೆ ಕೂರಿಸಿ, ನೀರು ಪರೀಕ್ಷಿಸಿ, ಸೊಂಟದ ಆಳಕ್ಕೆ ಬೇಲಿ ಕಟ್ಟಿದರೆ ಕಲಿಸಬಹುದು. ಆದರೆ ಪಂಚಾಯಿತಿಯ ಹಣದಲ್ಲಿ ದುರಸ್ತಿಯಾದ ಕಲ್ಯಾಣಿಗೆ ಊರಿನ ಯಾವ ಕೇರಿಯ ಮಗು ಬಂದರೂ ಇಳಿಯುವಂತಿರಬೇಕು. ಇದನ್ನು ಆದೇಶದಲ್ಲಿ ಬರೆಯದೆ ಬಿಟ್ಟರೆ ಏನಾಗುತ್ತದೆಂಬುದು ತಮಗೂ ಗೊತ್ತು, ನನಗೂ ಗೊತ್ತು.

ನೀರಿಗಿಳಿಯುವ ಮೊದಲೇ ಕಲಿಸಬಹುದಾದದ್ದೂ ಬಹಳಷ್ಟಿದೆ. ಚೀಲವಿಲ್ಲದ ‘ಸಂಭ್ರಮ ಶನಿವಾರ’ಗಳಲ್ಲಿ ಒಂದೆರಡನ್ನು ಇದಕ್ಕೆ ಕೊಟ್ಟರೂ ಸಾಕಾಗುತ್ತದೆ. ಮುಳುಗುತ್ತಿರುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವುದರಿಂದ ಸದ್ದೇ ಹೊರಡುವುದಿಲ್ಲ, ಒಂದು ನಿಮಿಷದೊಳಗೆ ಎಲ್ಲ ಮುಗಿದಿರಬಹುದು. ನಮ್ಮ ಕಡೆ ಒಂದು ಮಗು ಜಾರಿದರೆ ಮೂರು ಸಾವಾಗುವುದು ಏಕೆಂದರೆ ಈಜು ಬಾರದ ಅಣ್ಣ, ಅವನ ಹಿಂದೆ ಅಮ್ಮ ಹಾರುತ್ತಾರೆ. ‘ಹಾರಬೇಡ, ಕೂಗು, ಏನಾದರೂ ಎಸೆ, ಏನಾದರೂ ಚಾಚು’ ಎಂಬ ಮಾತನ್ನು ನಲಿ-ಕಲಿ ತರಗತಿಯ ಪುಟ್ಟ ಮಕ್ಕಳು ಹಾಡಿನಂತೆ ಕಲಿಯಬಲ್ಲರು. ಎಸೆಯಲು ಖಾಲಿ ಕೊಡ, ಮುಚ್ಚಳ ಬಿಗಿದ ಎಣ್ಣೆ ಕ್ಯಾನ್. ಚಾಚಲು ಸೀರೆ, ಪಂಚೆ, ಗಳ. ಇದನ್ನು ನಾನು ನಮ್ಮ ಬೀದಿಯ ಮಕ್ಕಳೊಂದಿಗೆ ಅಂಗಳದಲ್ಲೇ ಆಡಿಸಿ ನೋಡಿದ್ದೇನೆ. ಸೀರೆಯ ತುದಿ ಹಿಡಿದು ಎಳೆಯುವವರು ನಿಂತುಕೊಂಡರೆ ತಾವೂ ಮುಗ್ಗರಿಸುತ್ತಾರೆಂದು, ಮಲಗಿಕೊಂಡು ಎಳೆಯಬೇಕೆಂದು, ಆರು ವರ್ಷದ ಪೋರಿಯೊಬ್ಬಳು ತಾನೇ ಕಂಡುಕೊಂಡಳು.

ದೊಡ್ಡವರಿಗೂ ಪಾಠ ಬೇಕು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮರುವರ್ಷ ಹಾವೇರಿ ಜಿಲ್ಲೆಯಲ್ಲಿ, ಮುಳುಗಿ ಸತ್ತ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟು ಜೀವ ಬರಲೆಂದು ಗಂಟೆಗಟ್ಟಲೆ ಕಾದರು. ಮೊಬೈಲಿನಲ್ಲಿ ಹರಿದಾಡಿದ ಸುಳ್ಳೊಂದನ್ನು ನಂಬಿದ ಆ ತಂದೆತಾಯಿಗಳನ್ನು ನಗುವವರ ಬಗ್ಗೆ ನನಗೆ ಸಿಟ್ಟಿದೆ. ನೀರಿನಿಂದ ಎತ್ತಿದ ಮಗುವಿಗೆ ಮೊದಲು ಬೇಕಾದದ್ದು ಬಾಯಿಂದ ಬಾಯಿಗೆ ಉಸಿರು, ಜೊತೆಗೆ ಎದೆ ಒತ್ತುವಿಕೆ. ಹೊಟ್ಟೆ ಅದುಮುವುದಾಗಲಿ, ತಲೆಕೆಳಗು ಮಾಡಿ ತಿರುಗಿಸುವುದಾಗಲಿ ಅಲ್ಲ ಎಂದು ಅವರಿಗೆ ಯಾರಾದರೂ ಒಮ್ಮೆ ಕೈಹಿಡಿದು ತೋರಿಸಿದ್ದರೆ ಉಪ್ಪಿನ ಮೂಟೆ ಹುಡುಕುತ್ತಿರಲಿಲ್ಲ. ಶಾಲೆಯ ಪೋಷಕರ ಸಭೆಗಿಂತ ಒಳ್ಳೆಯ ಜಾಗ ಇದಕ್ಕೆ ಇನ್ನೊಂದಿಲ್ಲ. ಶಿಕ್ಷಕರೂ ಕಲಿಯಬೇಕು: 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದಾಗ, ನನ್ನಂಥ ಅನೇಕ ಶಿಕ್ಷಕರಿಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ನಾವೂ ಹಾಗೆಯೇ ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ದಿದ್ದೆವು. ನಮ್ಮಲ್ಲೂ ಯಾರಿಗೂ ಅಲೆಯ ಸೆಳೆತದ ಬಗ್ಗೆ ಏನೂ ಗೊತ್ತಿರಲಿಲ್ಲ.

ಐದರೊಳಗಿನ ಮಕ್ಕಳಿಗೆ ಈಜಿಗಿಂತ ಮುಖ್ಯವಾದದ್ದು ನೋಡಿಕೊಳ್ಳುವ ಕಣ್ಣು. ಬಚ್ಚಲಿನ ಬಕೆಟ್ಟು, ಮುಚ್ಚಳವಿಲ್ಲದ ಸಂಪು ಅವರ ಜೀವ ತೆಗೆಯಲು ಸಾಕು. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ ‘ಕೂಸಿನ ಮನೆ’ಗಳು ತಮ್ಮ ಇಲಾಖೆಗೆ ಸೇರಿಲ್ಲವಾದರೂ, ತಾಯಿ ಕೂಲಿಗೆ ಹೋದ ಹೊತ್ತಿನಲ್ಲಿ ಅವು ತೆರೆದಿರುವಂತೆ ಸಂಬಂಧಪಟ್ಟ ಸಚಿವರೊಂದಿಗೆ ಮಾತನಾಡಬೇಕೆಂದು ಕೋರುತ್ತೇನೆ.

‘ಈಜು ಕಲಿಸಿದರೆ ಧೈರ್ಯ ಬಂದು ನೀರಿಗೆ ಹೋಗುತ್ತಾರೆ, ಈಜು ಬಂದವನೇ ಮುಳುಗೋದು’ ಎಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಪ್ಪತ್ತೈದು ಮೀಟರ್ ಈಜಿದ ಹುಡುಗ ತುಂಬಿ ಹರಿಯುವ ನಾಲೆಯನ್ನು ದಾಟಬಲ್ಲೆನೆಂದುಕೊಂಡರೆ ಅಪಾಯವೇ. ಅದಕ್ಕಾಗಿಯೇ ಕೈಕಾಲು ಬಡಿಯುವುದಕ್ಕಿಂತ ಮೊದಲು ಅಂಗಾತ ತೇಲುವುದನ್ನು, ತೇಲುವುದಕ್ಕಿಂತ ಮೊದಲು ನೀರನ್ನು ನೋಡಿ ಅಳೆಯುವುದನ್ನು ಕಲಿಸಬೇಕು. ಇಲ್ಲಿ ಇಳಿಯಬಾರದು ಎಂದು ತೀರ್ಮಾನಿಸುವುದೂ ಈಜಿನ ಪಾಠದ ಭಾಗವಾಗಬೇಕು.

ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದಲ್ಲಿ ಶುರುವಾಗುತ್ತದೆ. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕೆರೆ, ಹೊಂಡ, ನಾಲೆಗಳ ಸುದ್ದಿ ಶುರುವಾಗುವುದೂ ಆಗಲೇ. ಅದಕ್ಕೆ ಮೊದಲು ಜಿಲ್ಲೆಗೊಂದು ಬ್ಲಾಕ್‌ನಲ್ಲಾದರೂ ಇದನ್ನು ಆರಂಭಿಸಿ, ಎಷ್ಟು ಮಕ್ಕಳು ಕಲಿತರೆಂಬ ಪಟ್ಟಿಯ ಪಕ್ಕದಲ್ಲೇ ಎಷ್ಟು ಮಕ್ಕಳನ್ನು ದಡದಲ್ಲಿ ಕೂರಿಸಲಾಯಿತು, ಏಕೆ ಕೂರಿಸಲಾಯಿತು ಎಂಬ ಇನ್ನೊಂದು ಪಟ್ಟಿಯನ್ನೂ ಮುಖ್ಯ ಶಿಕ್ಷಕರಿಂದ ತರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮೊದಲ ಪಟ್ಟಿಯನ್ನು ಯಾರು ಬೇಕಾದರೂ ತುಂಬಿಯಾರು. ಎರಡನೆಯದನ್ನು ತಾವೇ ಓದಬೇಕು.

ಚಪ್ಪಲಿ ಕಾಯ್ದ ಹುಡುಗಿ ಈಗ ಏಳನೇ ತರಗತಿಯಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅವಳ ಸೋದರತ್ತೆ, ನಮ್ಮೂರ ಕಲ್ಯಾಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ಒಂದು ಕೆಂಪು ಟವೆಲ್ ಬೀಸುತ್ತಾ ಅವಳಿಗೆ ತೇಲುವುದನ್ನು ಕಲಿಸಿದರು. ನಾನು ಮೆಟ್ಟಿಲ ಮೇಲೆ ಅವರಿಬ್ಬರ ಚಪ್ಪಲಿ ಕಾಯುತ್ತಾ ಕುಳಿತಿದ್ದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಂಡ್ಯ ಜಿಲ್ಲೆ